ನಾಲಿಗೆಯ ಮೇಲಿನ ಅಕ್ಷರ

ತೆಂಗಿನ ಹಸಿಗರಿಯಿಂದ ಬಿಡಿಸಿ ಉದ್ದಕ್ಕೆ ಸೀಳಿದ ಕಡ್ಡಿ, ಎರಡು ತುದಿ ಹಿಡಿದು ಬಗ್ಗಿಸಿದರೆ ಮುರಿಯದೆ ಬಾಗುತ್ತದೆ, ಸೀಳಿದ ಕಡೆ ಸ್ವಲ್ಪ ನೀರು ಜಿನುಗುತ್ತದೆ — ಇಷ್ಟೇ ಇಷ್ಟು ಕಡ್ಡಿ, ಹೊನ್ನವಳ್ಳಿಯಲ್ಲಿ ಹಲ್ಲು ಮೂಡಿದ ಮಕ್ಕಳಿಗೆಲ್ಲ ಗೊತ್ತಿರುವ ಕಡ್ಡಿ, ಬೆಳಗ್ಗೆ ನಾಲಿಗೆ ಕೆರೆದು ತೆಂಗಿನ ಬುಡಕ್ಕೆ ಬಿಸಾಕಿದರೆ ಮುಗಿಯಿತು, ಹುಚ್ಚರಂಗಯ್ಯ ಮಾತ್ರ ನಲವತ್ತು ವರ್ಷದಿಂದ ಅದನ್ನು ಬಾಯಿಗೆ ಇಟ್ಟವನಲ್ಲ, ಇವತ್ತು ಬಚ್ಚಲ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಹಿಡಿದುಕೊಂಡಿದ್ದಾನೆ, ಒಳಗೆ ಮಂಚದ ಮೇಲೆ ನಿಂಗಮ್ಮ ತುಟಿ ಬಿಗಿದುಕೊಂಡು ಮಲಗಿದ್ದಾಳೆ, ಲಕ್ವ ಹೊಡೆದು ಎಡಗಡೆ ಬಿದ್ದುಹೋದ ನಿಂಗಮ್ಮ, ಮಾತು ಹೋದ ನಿಂಗಮ್ಮ, ಮಗಳು ಚಿಕ್ಕಗೌರಮ್ಮ ಇರುವ ತನಕ ಬಟ್ಟಲು ಬಟ್ಟಲು ಗಂಜಿ ಕುಡಿದಳು, ಮಗಳು ನೊಣವಿನಕೆರೆಗೆ ಗಂಡನ ಮನೆಗೆ ಹೊರಟು ಒಂಬತ್ತು ದಿನ, ಈ ಒಂಬತ್ತು ದಿನದಲ್ಲಿ ಅವನ ಕೈಯಿಂದ ದಿನಕ್ಕೆ ನಾಲ್ಕು ಚಮಚ ಇಳಿದಿದ್ದರೆ ಹೆಚ್ಚು, ಅವನು ಬಗ್ಗುತ್ತಲೂ ತುಟಿ ಕೂಡುತ್ತವೆ, ಮೂಗಿನ ಹೊಳ್ಳೆ ಅಲ್ಲಾಡುವುದು ನಿಲ್ಲುತ್ತದೆ, ಉಸಿರು ಹಿಡಿಯುತ್ತಾಳೆ, ಕಟ್ಟಿಕೊಂಡ ಹೆಂಡತಿ. ನಾಡಿ ನೋಡಿದ ಡಾಕ್ಟರು ಅಂದಿದ್ದರು, ಲಕ್ವ ಕೊಲ್ಲಲ್ಲ ಕಣಪ್ಪ, ಹಿಂಗೇ ಉಣ್ದೆ ಇದ್ರೆ ಹಸಿವು ಕೊಲ್ತದೆ.

ಹನ್ನೆರಡು ವರ್ಷದವನಿದ್ದಾಗ ಗ್ರಹಣ, ಕೆರೆಯ ನೀರು ಸೊಂಟದ ತನಕ, ಚಳಿಗೆ ಹಲ್ಲು ಕಟಕಟ, ಅಪ್ಪ ರಂಗಪ್ಪ ಒಂದು ಕೈಲಿ ಗದ್ದ ಹಿಡಿದು ಇನ್ನೊಂದು ಕೈಲಿ ಜೇನಲ್ಲಿ ಅದ್ದಿದ ದರ್ಭೆ ಹಿಡಿದು, ಆ ಅನ್ಲಾ, ಚೆನ್ನಾಗಿ ಚಾಚು, ಚೇಳಿನ ವಿಷ ಇಳಿಸುವ ಮಂತ್ರದ ಅಕ್ಷರ ಮಗನ ನಾಲಿಗೆಯ ಹಿಂಬದಿಗೆ ಬರೆದ, ಹುಡುಗನಿಗೆ ವಾಂತಿ ಬಂತು, ನುಂಗಿದ, ಇನ್ಮೇಲೆ ಇದು ನಿಂದು ಕಣ್ಲಾ, ಕಾಸು ಇಸ್ಕೋಬ್ಯಾಡ, ಬಂದೋರಿಗೆ ಇಲ್ಲ ಅನ್ಬ್ಯಾಡ, ನಾಲ್ಗೆಗೆ ಕಡ್ಡಿ ಹಾಕ್ಬ್ಯಾಡ, ಕೆರೆದ್ರೆ ಅಕ್ಸರ ಅಳಿಸ್ಹೋಯ್ತದೆ. ತೆಂಗಿನ ಸೀಮೆ, ಮಟ್ಟೆ ಗುಡ್ಡೆಗೆ ಕೈ ಹಾಕಿದವರಿಗೆಲ್ಲ ಚೇಳು, ಓಡೋಡಿ ಬರುತ್ತಿದ್ದರು, ಬೆರಳು ಹಿಡಿದುಕೊಂಡು ಅಳುವ ಗಂಡಸರು, ಸೊಂಟದ ಮೇಲೆ ಮಗು ಹೊತ್ತ ಹೆಂಗಸರು, ಅವನು ಕಡಿದ ಜಾಗಕ್ಕೆ ಬಾಯಿ ಹತ್ತಿರ ತಂದು ಮೂರು ಸಲ ಊದುತ್ತಿದ್ದ, ಉರಿ ಇಳಿಯುತ್ತಿತ್ತು, ಇಳಿಯದೆ ಏನು, ಅವನು ಕಣ್ಣಾರೆ ಕಂಡಿದ್ದಾನೆ. ಆದರೆ ಬಂದವರು ಬೆರಳು ಇತ್ತ ಚಾಚಿ ಮುಖ ಅತ್ತ ತಿರುಗಿಸುತ್ತಿದ್ದರು, ನೋವಿಗೆ ಅಂದುಕೊಂಡಿದ್ದ, ಎಷ್ಟು ವರ್ಷ ಹಾಗೇ ಅಂದುಕೊಂಡಿದ್ದ, ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಊರಿನ ಮಾಯಣ್ಣ ಹೇಳುತ್ತಿದ್ದುದು ಕಿವಿಗೆ ಬೀಳುವ ತನಕ, ಮಂತ್ರಕ್ಕಲ್ಲ ಕಣ್ಲಾ, ಆವಯ್ಯನ ಬಾಯ್ ನಾತಕ್ಕೇ ವಿಷ ಇಳಿಯೋದು. ಕಟ್ಟೆಯೆಲ್ಲ ನಕ್ಕಿತು. ಅವನೂ ನಕ್ಕು ಮನೆಗೆ ಬಂದು ಕೊಟ್ಟಿಗೆಯಲ್ಲಿ ಕೂತು ಅತ್ತಿದ್ದ.

ಆಮೇಲೆ ಎಲ್ಲ ಕಾಣತೊಡಗಿತು, ಕಾಣದಿದ್ದರೇ ಚೆನ್ನಾಗಿತ್ತು, ಎಂಬತ್ತೊಂದರಲ್ಲಿ ಜನಗಣತಿಗೆ ಬಂದ ಮೇಷ್ಟರು ಜಗುಲಿ ಹತ್ತದೆ ಕೆಳಗೇ ನಿಂತು, ಹೇಳಿ ಹೇಳಿ, ಇಲ್ಲಿಂದ್ಲೇ ಕೇಳ್ಸುತ್ತೆ, ಅಂದದ್ದು, ಮದುವೆಮನೆಯ ಪಂಕ್ತಿಯಲ್ಲಿ ಅವನ ಪಕ್ಕದ ಎಲೆ ಖಾಲಿ ಉಳಿದದ್ದು, ಮತ್ತೆ ನಿಂಗಮ್ಮ, ಮದುವೆಯಾಗಿ ಮೂವತ್ತು ವರ್ಷ ಗೋಡೆಯ ಕಡೆ ಮುಖ ಮಾಡಿ ಮಲಗಿದ ನಿಂಗಮ್ಮ, ಈ ಮಗ್ಗುಲಾದ್ರೇ ನಂಗೆ ನಿದ್ದೆ ಬರೋದು ಅನ್ನುತ್ತಿದ್ದಳು, ಒಂದು ದಿನವೂ ಬಾಯಿಬಿಟ್ಟು ಆಡಲಿಲ್ಲ, ಆಡಿದ್ದರೆ, ಆಡಿದ್ದರೆ ಅವನು ಏನು ಮಾಡುತ್ತಿದ್ದ, ಅಪ್ಪನ ಮಾತು ಮೀರುತ್ತಿದ್ದನೇ. ಇದ್ದಿಲು, ಉಪ್ಪು, ಬೇವಿನಕಡ್ಡಿ, ಹಲ್ಲು ಸವೆಯುವಂತೆ ಉಜ್ಜಿದ, ಲವಂಗ ಜಗಿದ, ನಾಲಿಗೆಯ ತಂಟೆಗೆ ಹೋಗಲಿಲ್ಲ. ಅಟ್ಟದ ಮೇಲಿನ ಸಾವಿರ ಕಾಯಿಯಲ್ಲಿ ಒಂದು ಕೊಳೆತರೂ ಕೆಳಗೆ ನಿಂತೇ ಹೇಳುವ ಮೂಗು ಅವನದು, ಊರೇ ಮೆಚ್ಚಿದ ಮೂಗು, ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಹುಡುಕಿದರಂತೆ, ಆ ಗಾದೆ ಕಟ್ಟಿದವನು ಇವನನ್ನು ನೋಡಿಯೇ ಕಟ್ಟಿರಬೇಕು.

ಮೊನ್ನೆ ತಿಪಟೂರಿನ ಹಲ್ಲಿನ ಡಾಕ್ಟರ ಮುಂದೆ ಕುರ್ಚಿಯಲ್ಲಿ ಒರಗಿ ಅಂದಿದ್ದ, ಎಲ್ಲಾ ಹಲ್ಲೂ ಕಿತ್ತಾಕ್ಬುಡಿ ಸ್ವಾಮಿ, ನಾತ ಹೋದ್ರೆ ಸಾಕು, ಹೆಂಡ್ರು ಉಣ್ಬೇಕು. ಡಾಕ್ಟರು ನಗಲಿಲ್ಲ, ಪುಟ್ಟ ಕನ್ನಡಿ ಬಾಯೊಳಗೆ ಇಳಿಸಿದರು, ಹಲ್ಲು ಗಟ್ಟಿಯಾಗಿವೆ ಯಜಮಾನ್ರೇ, ನಾಲಿಗೆ ನೋಡ್ಕೊಳಿ, ಹಿಂದ್ಗಡೆ ಬೆಳ್ಳಗೆ ಕಟ್ಟಿದೆಯಲ್ಲ, ಅದರ ತುಂಬ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ, ಗಾಳಿ ಆಡದ ಸಂದಿ ಹುಡುಕ್ಕೊಂಡು ಸೇರ್ತವೆ, ನೀವು ತಿಂದು ಉಳಿದದ್ದು ತಿಂದ್ಕೊಂಡು ಆ ವಾಸನೆ ಬಿಡ್ತವೆ, ಎಲ್ಲಾರ ಬಾಯಲ್ಲೂ ಇರ್ತವೆ, ಕೆರೆದ್ರೆ ಕಮ್ಮಿ, ಬಿಟ್ರೆ ಜಾಸ್ತಿ, ಅಷ್ಟೇ, ತೆಂಗಿನ ಸೀಮೆಲಿದ್ದು ಕಡ್ಡಿ ಹಾಕಲ್ವಾ ನೀವು. ಕನ್ನಡಿಯಲ್ಲಿ ಕಂಡಿತ್ತು ನಾಲಿಗೆ, ಹಿಂಬದಿಗೆ ದಪ್ಪ ಬಿಳಿ ಪೊರೆ, ಸುಣ್ಣ ಬಳಿದಂತೆ, ಅಕ್ಷರವೇನೂ ಕಾಣಲಿಲ್ಲ, ಅಪ್ಪ ಬರೆದ ಜಾಗದಲ್ಲೇ ಆ ಪೊರೆ ಇತ್ತು.

ಈಗ ಕಡ್ಡಿ ಬಾಯೊಳಗೆ, ಇನ್ನೂ ಹಿಂದಕ್ಕೆ, ಅಪ್ಪಾ ತಪ್ಪಾಯ್ತು, ನಾಳೆ ಯಾರಾದರೂ ಬೆರಳು ಹಿಡಿದು ಬಂದರೆ ಏನನ್ನಲಿ, ಆಸ್ಪತ್ರೆಗೆ ಹೋಗಿ ಅನ್ನಲೇ, ಇಲ್ಲ ಅನ್ನಬೇಡ ಅಂದಿದ್ದೆ ನೀನು, ಎಳೆದ, ಓಕರಿಕೆ, ಕಣ್ಣಲ್ಲಿ ನೀರು, ಮತ್ತೆ ಎಳೆದ, ಕಡ್ಡಿಯ ಮೇಲೆ ಬಂದದ್ದನ್ನು ಮೂಸಿದ, ನಲವತ್ತು ವರ್ಷದಲ್ಲಿ ಮೊದಲ ಸಲ ತನ್ನ ನಾತ ತನಗೆ ತಿಳಿಯಿತು, ನಾಚಿಕೆಯಾಯಿತು, ಇದನ್ನು ಅವಳು ಮೂವತ್ತು ವರ್ಷ ಉಸಿರಾಡಿದಳು. ನಾಲಿಗೆ ಉರಿಯುವ ತನಕ ಕೆರೆದ, ಚೊಂಬು ಚೊಂಬು ನೀರು ಮುಕ್ಕಳಿಸಿದ, ಗಂಜಿಯ ಬಟ್ಟಲು ಹಿಡಿದು ಒಳಗೆ ಹೋದ.

ಬಗ್ಗಿದ. ನಿಂಗೀ, ನೋಡು, ಕೆರ್ಕಂಡು ಬಂದೀನಿ ಕಣೇ, ಈಗ್ಲಾದ್ರೂ ಉಣ್ಣು. ತುಟಿ ಕೂಡಿದವು, ಹೊಳ್ಳೆ ನಿಂತವು, ಅದೇ, ಮತ್ತೆ ಅದೇ, ಅಕ್ಷರವೂ ಹೋಯಿತು ಇವಳೂ ಉಣ್ಣಲಿಲ್ಲ, ಎದೆ ಒಡೆಯಿತು, ಅವನು ಹಿಂದೆ ಸರಿಯಲಿಲ್ಲ, ಅವಳಿಗೆ ಎಷ್ಟು ಹೊತ್ತು ತಡೆಯಲಾದೀತು, ಕೊನೆಗೆ ಉಸಿರು ಬಿಟ್ಟಳು, ಅವನ ಮುಖಕ್ಕೆ. ಅಟ್ಟದ ಕೊಳೆತ ಕಾಯಿ, ಅಂದುಕೊಂಡಿತು ಮೂಗು, ಅಟ್ಟವಲ್ಲ, ತನ್ನದೂ ಅಲ್ಲ, ಅವಳ ಬಾಯಿಯದು. ಮಗಳು ದಿನಾ ಬೆಳಗ್ಗೆ ಒದ್ದೆ ಬಟ್ಟೆ ಬೆರಳಿಗೆ ಸುತ್ತಿಕೊಂಡು ಅಮ್ಮನ ಬಾಯಿ ಒರೆಸುತ್ತಿದ್ದಳು, ಅವಳು ಹೋದ ಮೇಲೆ ಅವನು ನಿಂಗಮ್ಮನ ಕಾಲು ತೊಳೆದ, ಮೈ ಒರೆಸಿದ, ಬಟ್ಟೆ ಬದಲಿಸಿದ, ನಾಲಿಗೆ ಮುಟ್ಟಬಾರದ ಜಾಗವಾಗಿದ್ದ ಗಂಡಸಿಗೆ ಬಾಯಿಯ ನೆನಪೇ ಬರಲಿಲ್ಲ. ಅವನದು ತಾಗದಿರಲೆಂದು ಅಲ್ಲ, ತನ್ನದು ಅವನಿಗೆ ತಾಗದಿರಲೆಂದು ಹಿಡಿದಿದ್ದಳು ಉಸಿರು, ಒಂಬತ್ತು ದಿನ, ಹಸಿದುಕೊಂಡು. ಬಟ್ಟಲು ನೆಲಕ್ಕಿಟ್ಟ, ಟವೆಲಿನ ಅಂಚು ಒದ್ದೆ ಮಾಡಿ ಬೆರಳಿಗೆ ಸುತ್ತಿದ, ಅವಳು ಆ ಬೆರಳನ್ನು ನೋಡಿದಳು, ಅವನನ್ನು ನೋಡಿದಳು, ಬಲಗಣ್ಣಿನಿಂದ ನೀರು ಕಿವಿಗೆ ಇಳಿಯಿತು, ಬಾಯಿ ತೆರೆಯಿತು, ನಾಲಿಗೆ ಎಡಕ್ಕೆ ವಾಲಿಕೊಂಡು ಮೆಲ್ಲಗೆ ಹೊರಗೆ ಬಂತು, ಬಿಳಿ ಪೊರೆ ಕಟ್ಟಿದ ನಾಲಿಗೆ, ನಡುಗುತ್ತಿದ್ದ ನಾಲಿಗೆ, ಅವನ ಬೆರಳಿಗಾಗಿ ಚಾಚಿದ ನಾಲಿಗೆ —