ತಾತ್ಸಾರಕ್ಕೊಂದು ಮುಖ

"ಮುಖ ನೋಡದೆ ನಾನು ಪದ ಬರೆಯುವುದಿಲ್ಲ," ಎಂದರು ಮಿಸೆಸ್ ಓಜೊಲಾ ತಮ್ಮ ನಿಧಾನದ ಇಂಗ್ಲಿಷಿನಲ್ಲಿ. "ಎಲ್ಲಿ, ಮಾಡಿ ತೋರಿಸು."

ಟೈಪ್‌ರೈಟರಿನ ಮುಂದೆ ಕೂತಿದ್ದ ಕಾತ್ಯಾಯಿನಿಗೆ ನಗು ಬಂತು. ತಿರಸ್ಕಾರ ಮಾಡಿ ತೋರಿಸು ಎಂದರೆ ಏನಂತ ತೋರಿಸುವುದು? ಹುಬ್ಬು ಗಂಟಿಕ್ಕಿದಳು. "ಅದು ಸಿಟ್ಟು," ಎಂದರು ಮುದುಕಿ. ಮೂಗು ಮುರಿದಳು. "ಅದು ಹಳಸಿದ ಮೀನು."

ಅಮೆರಿಕದ ಜರ್ಮನ್‌ಟೌನಿನ ಆ ಅಪಾರ್ಟ್‌ಮೆಂಟಿನಲ್ಲಿ ಓಜೊಲಾ ಇದ್ದದ್ದು ಕಾತ್ಯಾಯಿನಿಯ ಮನೆಯ ಕೆಳಗೆ. ಯುದ್ಧದ ಕಾಲಕ್ಕೆ, ಇನ್ನೂ ಹುಡುಗಿಯಾಗಿದ್ದಾಗಲೇ, ಲಾಟ್ವಿಯಾ ಬಿಟ್ಟು ಬಂದವರು. ಈಗ ಆ ದೇಶ ಮತ್ತೆ ಸ್ವತಂತ್ರವಾಗಿತ್ತು. ಅಲ್ಲಿದ್ದ ತಂಗಿಯ ಮೊಮ್ಮಕ್ಕಳು ಇಂಗ್ಲಿಷ್ ಕಲಿಯಲೆಂದು ಮುದುಕಿ ಒಂದು ನಿಘಂಟು ಮಾಡುತ್ತಿದ್ದರು. ಅದು ಅಕ್ಷರದ ಕ್ರಮದಲ್ಲಿ ಇರಲಿಲ್ಲ, ಭಾವದ ಕ್ರಮದಲ್ಲಿತ್ತು. ಪ್ರೀತಿ ಮುಗಿದು, ಭಯ ಮುಗಿದು, ಈ ವಾರ ತಿರಸ್ಕಾರದ ಸರದಿ. ಅವರ ಬೆರಳುಗಳು ಸೆಟೆದುಕೊಂಡಿದ್ದರಿಂದ ಟೈಪಿಂಗ್ ಕಾತ್ಯಾಯಿನಿಯದು. ವೀಸಾದ ದಯೆಯಿಂದ ಕೆಲಸಕ್ಕೆ ಹೋಗುವಂತಿಲ್ಲದ ಅವಳ ಹತ್ತಿರ ಮಧ್ಯಾಹ್ನಗಳು ಬೇಕಾದಷ್ಟಿದ್ದವು.

ಹೊರಗೆ ಹಿಮ ಬೀಳುತ್ತಿತ್ತು. ನಿಂತಿತೇನೋ ಎಂದುಕೊಂಡರೆ ಮತ್ತೆ ಬೀಳುತ್ತಿತ್ತು. ಕಂಟೆಂಪ್ಟ್‌ಗೆ ನಿತ್ಸಿನಾಯುಮ್ಸ್, ಸ್ಕಾರ್ನ್‌ಗೆ ನಿಯೆವಸ್. ಕಾತ್ಯಾಯಿನಿಗೆ ಅವು ಕೆಟ್ಟ ಮಾತುಗಳೆಂದೇ ಅನಿಸುತ್ತಿರಲಿಲ್ಲ, ಯಾವುದೋ ದೂರದ ನದಿಗಳ ಹೆಸರಿರಬೇಕು ಅನಿಸುತ್ತಿತ್ತು. ನಿಯೆವಸ್ ನದಿಯ ದಂಡೆಯಲ್ಲಿ ತಾನು ನೀರಿಗೆ ಕಾಲು ಇಳಿಬಿಟ್ಟು ಕೂತಿರುವಂತೆ, ಕೆಳಗೆ ತಣ್ಣಗೆ ಏನೋ ಹರಿದುಹೋಗುವಂತೆ ಅವಳು ಕಣ್ಣು ತೆರೆದೇ ಕನಸು ಕಾಣುತ್ತಿದ್ದಳು. ಟೈಪ್‌ರೈಟರಿನ ಗಂಟೆ ಆಗಾಗ ಎಬ್ಬಿಸುತ್ತಿತ್ತು.

ಈಗಿನ ಪದ ಸ್ನೀರ್, ಮುಖದಲ್ಲೇ ಹೀಯಾಳಿಸುವುದು. ಲಾಟ್ವಿಯನ್ನಿನಲ್ಲಿ ವೀಪ್ಸ್ನಾತ್.

"ಐ ಕ್ಯಾನ್ ಡೂ ಇಟ್," ಎಂದಳು ಯಾಮಿನಿ. ಹಿಮದಿಂದ ಸ್ಕೂಲಿಗೆ ರಜೆಯಿದ್ದದ್ದರಿಂದ ಎಂಟು ವರ್ಷದ ಮಗಳೂ ಅಮ್ಮನ ಜೊತೆ ಬಂದು ರಗ್ಗಿನ ಮೇಲೆ ಬಿದ್ದುಕೊಂಡಿದ್ದಳು. ಎದ್ದು ನಿಂತು ಮಾಡಿದಳು. ತುಟಿಯ ಎಡಮೂಲೆ ಒಂದಿಷ್ಟೇ ಮೇಲೆದ್ದಿತು, ಕಣ್ಣು ಅರ್ಧ ಮುಚ್ಚಿತು, ಮೂಗಿನಿಂದ ಸಣ್ಣದೊಂದು ಉಸಿರು ಬಂತು.

ಓಜೊಲಾ ಚಪ್ಪಾಳೆ ತಟ್ಟಿದರು. "ಇದೇ! ಯಾರು ಕಲಿಸಿದರು?"

"ಇಟ್ಸ್ ಅಪ್ಪಾಸ್ ಫೇಸ್," ಎಂದಳು ಯಾಮಿನಿ ಹೆಮ್ಮೆಯಿಂದ. "ವೆನ್ ಅಮ್ಮ ಟಾಕ್ಸ್ ಆನ್ ದ ಫೋನ್."

"ಯಾವಾಗ ಪುಟ್ಟ?" ಎಂದಳು ಕಾತ್ಯಾಯಿನಿ.

"ಯಾವಾಗ್ಲೂ. ನೀನು ಇಂಗ್ಲಿಷ್ ಮಾತಾಡಿದ್ರೆ ಅಪ್ಪ ಹಿಂದೆ ನಿಂತು ಮಾಡ್ತಾರೆ. ನಾನೂ ಮಾಡ್ತೀನಿ. ಇಟ್ಸ್ ಅವರ್ ಗೇಮ್."

ಅವಳ ಮನೆಯಲ್ಲಿ ಫೋನು ಇದ್ದದ್ದು ಅಡುಗೆಮನೆಯ ಗೋಡೆಗೆ. ಬ್ಯಾಂಕು, ಡಾಕ್ಟರು, ಏನೇ ಇರಲಿ, ಗಂಡ ಕೃಷ್ಣಪ್ರಸಾದ ಅವಳಿಗೇ ಬಿಡುತ್ತಿದ್ದ. "ನೀನೇ ಮಾತಾಡು, ಪ್ರಾಕ್ಟೀಸ್ ಆಗತ್ತೆ" ಎನ್ನುತ್ತಿದ್ದ. ಗೋಡೆಗೆ ಮುಖ ಮಾಡಿ, ವಾಕ್ಯಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ಮಾತಾಡುವಾಗ ಅವನು ಬಂದು ಹಿಂದೆ ನಿಂತದ್ದು ಅವಳಿಗೆ ಗೊತ್ತಾಗುತ್ತಿತ್ತು. ತಡವರಿಸಿದರೆ ಇರಲಿ ಎಂದು ಆಸರೆಗೆ ನಿಂತಿದ್ದಾರೆ ಅಂದುಕೊಂಡಿದ್ದಳು. ಪಾಪ, ಅದನ್ನು ಮೈಸೂರಿನ ತಂಗಿಯ ಹತ್ತಿರ ಹೇಳಿಕೊಂಡೂ ಇದ್ದಳು.

ಹಿತ್ತಲ ಗಿಡ ಮದ್ದಲ್ಲ, ಗಂಡ ಮೂಗು ಮುರಿದ, ಅಷ್ಟೇ ತಾನೆ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದಳು. ಆಗಲಿಲ್ಲ. ಅದಕ್ಕಿಂತ ಭಯವಾದದ್ದು ಮಗಳನ್ನು ನೋಡಿ. ಇವತ್ತಿಗೆ ಅದು ಆಟ. ಹೀಗೇ ಬಿಟ್ಟರೆ ನಾಳೆ ಅದೇ ಅವಳ ಮುಖವಾಗುತ್ತದೆ, ತೊಳೆದರೂ ಹೋಗುವುದಿಲ್ಲ.

ಕಾತ್ಯಾಯಿನಿಯ ಮುಖ ನೋಡಿ ಓಜೊಲಾಗೆ ಅರ್ಥವಾಯಿತು. "ಈ ಪದ ಇವತ್ತು ಬೇಡ," ಎಂದರು.

"ಬರೆಯೋಣ," ಎಂದು ಕಾತ್ಯಾಯಿನಿ ಒಂದೊಂದೇ ಅಕ್ಷರ ಒತ್ತಿದಳು.

ಸಂಜೆ ಕೃಷ್ಣಪ್ರಸಾದ ಬೂಟಿನ ಹಿಮ ಕೊಡವುತ್ತ ಒಳಗೆ ಬಂದ. "ಏನೇ ಇದು, ಮನೆ ಇಷ್ಟು ಕೋಲ್ಡ್ ಇದೆ? ಹೀಟರ್ ಹೋಗಿದೆ ಅನ್ಸತ್ತೆ. ರೆಂಟಲ್ ಆಫೀಸಿಗೆ ಕಾಲ್ ಮಾಡು."

ಅವಳು ನಂಬರು ಒತ್ತಿದಳು. ಆ ಕಡೆ ದನಿ ಬಂದ ಕೂಡಲೆ "ಒನ್ ಮಿನಿಟ್, ಮೈ ಹಸ್ಬೆಂಡ್ ವಿಲ್ ಸ್ಪೀಕ್" ಎಂದು ರಿಸೀವರ್ ಅವನ ಕೈಗೆ ಕೊಟ್ಟಳು.

"ನಾನ್ಯಾಕೆ? ನೀನೇ ಮಾತಾಡು."

"ನೀವೇ ಮಾತಾಡಿ. ನಾನು ಹಿಂದೆ ನಿಂತಿರ್ತೀನಿ."

ಅವನು ಚಕ್ಕನೆ ಅವಳ ಮುಖ ನೋಡಿದ. ಆಮೇಲೆ ಯಾಮಿನಿಯನ್ನು ನೋಡಿದ. ಗೋಡೆಯ ಕಡೆ ತಿರುಗಿದ. "ಹಲೋ... ಹೀಟರ್... ನೋ ನೋ, ಹೀಟರ್... ಪಾರ್ಡನ್?" ಹೆಸರು ಕೇಳಿದರು ಕಾಣುತ್ತದೆ, ಒಂದೊಂದೇ ಅಕ್ಷರ ಹೇಳಿದ. ಮತ್ತೆ ಹೇಳಿದ. ಮತ್ತೆ ಪಾರ್ಡನ್ ಎಂದ. ಅವನ ಕಿವಿ ಕೆಂಪಗಾಗಿತ್ತು, ದನಿ ಸಣ್ಣಗಾಗಿತ್ತು. ಇಷ್ಟು ವರ್ಷ ಎಲ್ಲ ಫೋನುಗಳೂ ತನಗೇ ಯಾಕೆ ಬಂದವೆಂದು ಕಾತ್ಯಾಯಿನಿಗೆ ಈಗ ಹೊಳೆಯಿತು. ಅವಳಿಗೆ ಅಯ್ಯೋ ಅನಿಸಿತು. ಸುಳ್ಳು ಯಾಕೆ, ಒಳಗೊಳಗೆ ಖುಷಿಯೂ ಆಯಿತು.

ಯಾಮಿನಿ ಬಂದು ಪಕ್ಕದಲ್ಲಿ ನಿಂತಳು. ಅಪ್ಪನ ಬೆನ್ನು ನೋಡಿದಳು. ಆಮೇಲೆ ಅಮ್ಮನ ಕಡೆ ಕತ್ತೆತ್ತಿ, ಆಟಕ್ಕೆ ಕರೆಯುವವಳಂತೆ, ತುಟಿಯ ಮೂಲೆಯನ್ನು ಮೆಲ್ಲಗೆ ಮೇಲೆತ್ತಿದಳು. ಕಾತ್ಯಾಯಿನಿಯ ತುಟಿಯೂ ಮೇಲಕ್ಕೆ ಎಳೆಯುತ್ತಿತ್ತು.

ಅವಳು ಬಗ್ಗಿ, ಅನ್ನದ ಅಗುಳು ಒರೆಸುವ ಹಾಗೆ, ಹೆಬ್ಬೆರಳಿನಿಂದ ಮಗಳ ತುಟಿಯನ್ನು ಕೆಳಗಿಳಿಸಿದಳು. ಅವನು ಫೋನು ಇಡುವವರೆಗೂ ಆ ಬೆರಳನ್ನು ತೆಗೆಯಲಿಲ್ಲ.