ಜೋಡಿ ಬಿಡಿಸಿದ ಲೆಕ್ಕ

ಆ ವರ್ಷ ಈರಿ ಸರೋವರ ದಡದವರೆಗೂ ಹೆಪ್ಪುಗಟ್ಟಿತ್ತು. ನಮ್ಮ ಬ್ಯಾಸ್ಕೆಟ್‌ಬಾಲ್ ತಂಡದ ಕಥೆಯೂ ಹೆಚ್ಚು ಕಡಿಮೆ ಹಾಗೇ. ಅಂಗಿಯ ಎದೆಯ ಮೇಲೆ ಕೊಕ್ಕರೆಯ ಚಿತ್ರ. ಸೋತು ಸೋತು, ಕೊನೆಗೆ ನಮ್ಮೂರಿನವರೇ ಮೇಲಿನ ಸಾಲಿನಿಂದ, "ಏಯ್ ಕೊಕ್ಕರೆಗಳಾ, ಇನ್ನೊಂದು ಕಾಲೂ ಕೆಳಗಿಡ್ರೋ!" ಎಂದು ಕೂಗುವಂತಾಗಿತ್ತು.

ನಾನು ತಂಡದ ಬಟ್ಟೆ ಒಗೆಯುವವನು, ಚೆಂಡಿಗೆ ಗಾಳಿ ತುಂಬುವವನು. ಅಲಬಾಮಾದಲ್ಲಿ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಹತ್ತಿ ಹೊಲಕ್ಕಿಳಿದವನು. ಆದರೂ ಆಟಗಾರರು ನನ್ನನ್ನು ಮಿಸ್ಟರ್ ಹೋಬಾರ್ಟ್ ಎಂದೇ ಕರೆಯುತ್ತಿದ್ದರು.

ತಂಡದಲ್ಲಿ ರೋಸ್ಕೋ ಹಳಬ. ಮೂವತ್ತೈದು ದಾಟಿತ್ತು. ಆಟ ಮುಗಿದ ಮೇಲೆ ಎರಡೂ ಮಂಡಿಗೆ ಐಸ್ ಕಟ್ಟಿಕೊಂಡು ನನ್ನ ಒಗೆಯುವ ಕೋಣೆಯಲ್ಲಿ ಬಂದು ಕೂರುತ್ತಿದ್ದ. ಕೀಶಾನ್ ಹೊಸಬ. ಮೊದಲ ಆಟದಲ್ಲಿ ಚೆಂಡು ಅವನ ಕೈ ಜಾರಿತ್ತು. ಆಗ ರೋಸ್ಕೋ ಕೋಚ್ ಬಳಿ ಹೋಗಿ, "ಈ ಮರಿ ಇಳಿಯೋವಾಗೆಲ್ಲ ನನ್ನೂ ಇಳಿಸಿ" ಎಂದ. ಅಲ್ಲಿಂದ ಅದೇ ಪದ್ಧತಿಯಾಯಿತು. ಇಬ್ಬರೂ ಒಟ್ಟಿಗೆ ಇಳಿಯುವುದು, ಒಟ್ಟಿಗೆ ಬಂದು ಬೆಂಚಿನ ಮೇಲೆ ಕೂರುವುದು.

ಜನವರಿಯಲ್ಲಿ ಬೇರೆ ತಂಡದಿಂದ ಎತ್ತರದ ಆಟಗಾರನೊಬ್ಬ ಮಾರ್ಚಿಗೆ ಬರಲು ಒಪ್ಪಿದ. ಅವನಿಗೆ ಜಾಗ ಮಾಡಬೇಕಾದರೆ ನಮ್ಮವರಲ್ಲಿ ಒಬ್ಬ ಹೋಗಬೇಕು. ರೋಸ್ಕೋ, ಇಲ್ಲವೇ ಕೀಶಾನ್. ಇವರಿಬ್ಬರೂ ಇಳಿದಾಗಲೇ ತಂಡ ಹಿಂದೆ ಬೀಳುತ್ತಿತ್ತು.

ಕೋಚ್ ಬರ್ಡೆಟ್ ಅವರ ಕೋಣೆಯ ಹೀಟರ್ ಕೆಟ್ಟು ಹೋಗಿತ್ತು. ಹಾಗಾಗಿ ಎಲ್ಲ ಮಾತುಕತೆಯೂ ನನ್ನ ಬಟ್ಟೆ ಒಣಗಿಸುವ ಯಂತ್ರದ ಬಿಸಿಗೆ ಬೆನ್ನು ಕೊಟ್ಟುಕೊಂಡೇ. ಅವತ್ತು ಆಟದ ಅಂಕಿಅಂಶಗಳ ಲೆಕ್ಕ ಇಡುವ ಹುಡುಗಿ ಕೋರಿನ್ ಕೂಡ ಕಂಪ್ಯೂಟರ್ ಹಿಡಿದು ಬಂದಿದ್ದಳು.

"ಹೇಳಮ್ಮಾ, ಇಬ್ಬರಲ್ಲಿ ಯಾರು?" ಎಂದರು ಕೋಚ್.

"ಹೇಳಕ್ಕಾಗಲ್ಲ ಕೋಚ್. ಇಬ್ರೂ ಯಾವಾಗ್ಲೂ ಒಟ್ಟಿಗೇ ಇರ್ತಾರೆ. ತಂಡ ಹಿಂದೆ ಬೀಳ್ತಿದೆ ಅನ್ನೋದು ಕಾಣುತ್ತೆ. ಯಾರಿಂದ ಅನ್ನೋದು ಕಾಣಲ್ಲ."

"ಮತ್ತೆ ಆ ಡಬ್ಬ ಯಾಕೆ ಹೊತ್ಕೊಂಡು ಓಡಾಡ್ತೀಯಾ, ಕಾಫಿ ಬಿಸಿ ಮಾಡಕ್ಕಾ?"

"ಬಿಡಿಸಿ ಆಡ್ಸಿ. ಆಮೇಲೆ ಕೇಳಿ."

ನನಗೆ ಅಪ್ಪನ ಎರಡು ಹೇಸರಗತ್ತೆಗಳು ನೆನಪಾದವು. ಒಂದೇ ನೊಗಕ್ಕೆ ಕಟ್ಟಿದ ಜೋಡಿಯಲ್ಲಿ ಯಾವುದು ಎಳೆಯುತ್ತಿದೆ, ಯಾವುದು ಸುಮ್ಮನೆ ಹೆಜ್ಜೆ ಹಾಕುತ್ತಿದೆ ಎಂದು ಹಿಂದೆ ನಡೆಯುವವನಿಗೆ ತಿಳಿಯದು. ಹುಡುಗಿ ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಅಷ್ಟೇ.

ವಿಷಯ ತಿಳಿದು ರೋಸ್ಕೋ ಜೋರಾಗಿ ನಕ್ಕ. "ಬಿಡ್ಸಿ ಕೋಚ್, ಬಿಡ್ಸಿ! ಈ ಮರಿ ನನ್ನ ಬೆನ್ನೇರಿ ಸವಾರಿ ಮಾಡ್ತಿದ್ದಿದ್ದು ಊರಿಗೇ ಗೊತ್ತಾಗ್ಲಿ." ಎಲ್ಲರೂ ನಕ್ಕರು, ಕೀಶಾನ್ ಕೂಡ. ಆಮೇಲೆ ನನ್ನ ಬಳಿ ಕೂತು ಐಸ್ ಕಟ್ಟಿಕೊಳ್ಳುವಾಗ ರೋಸ್ಕೋನ ದನಿ ಬೇರೆಯಾಗಿತ್ತು. "ಇಲ್ಲಿಂದ ಹೊರಬಿದ್ರೆ ನನ್ನ ಯಾರೂ ತಗೊಳ್ಳಲ್ಲ ಮಿಸ್ಟರ್ ಹೋಬಾರ್ಟ್. ಈ ಮಂಡಿ ನೋಡಿದ್ರೇ ಬಾಗಿಲು ಹಾಕ್ತಾರೆ. ಆಟ ಬಿಟ್ರೆ ನನಗೆ ಬೇರೇನೂ ಬರಲ್ಲ."

ಅದು ಕೀಶಾನನಿಗೂ ಗೊತ್ತಿತ್ತು. ಮರುದಿನ ಒದ್ದೆ ಟವೆಲ್ ಹಾಕುವ ನೆಪದಲ್ಲಿ ಬಂದು ನಿಂತ.

"ನಾನಿನ್ನು ಬ್ಯಾಸ್ಕೆಟ್‌ಗೆ ಎಸೆಯೋದೇ ಇಲ್ಲ. ಕೈಗೆ ಬಂದಿದ್ದನ್ನೆಲ್ಲ ಬೇರೆಯವ್ರಿಗೆ ಕೊಟ್ಬಿಡ್ತೀನಿ."

"ಯಾಕೋ, ಹುಚ್ಚು ಹಿಡೀತಾ?"

"ನನ್ನ ಹೆಸರಲ್ಲಿ ಪಾಯಿಂಟೇ ಇರಲ್ಲ, ಆಗ ನನ್ನೇ ಕಳಿಸ್ತಾರೆ, ರೋಸ್ಕೋ ಅಣ್ಣ ಉಳೀತಾನೆ. ಬೇಕಂತ ಚೆಂಡು ಬೀಳಿಸಿದ್ರೆ ಅಣ್ಣನಿಗೆ ಗೊತ್ತಾಗುತ್ತೆ, ಒದೀತಾನೆ. ಇದಾದ್ರೆ ಯಾರಿಗೂ ಗೊತ್ತಾಗಲ್ಲ. ನನಗೇನು, ಇಪ್ಪತ್ತೆರಡು. ಎಲ್ಲಾದ್ರೂ ಆಡ್ತೀನಿ."

ಅವನ ತಲೆಯ ಮೇಲೆ ಕೈಯಿಟ್ಟೆ. ಬೇರೇನು ಮಾಡಲಿ?

ಫೆಬ್ರವರಿಯಿಡೀ ಇಬ್ಬರೂ ಬೇರೆ ಬೇರೆಯಾಗಿ ಇಳಿದರು. ರೋಸ್ಕೋ ಹಲ್ಲು ಕಚ್ಚಿ ಆಡಿದ. ಪಾಯಿಂಟುಗಳು ಮಳೆಯಂತೆ ಬಿದ್ದವು, ಜನ ಎದ್ದು ನಿಂತು ಕೂಗಿದರು. ಆದರೆ ಎದುರಿನವರು ಚೆಂಡು ಹಿಡಿದು ಓಡಿ ಬಂದಾಗ ಅವನ ಕಾಲು ತಿರುಗುವಷ್ಟರಲ್ಲಿ ಅವರು ದಾಟಿ ಹೋಗಿರುತ್ತಿದ್ದರು. ಕೀಶಾನ್ ಹೇಳಿದ್ದನ್ನೇ ಮಾಡಿದ. ಬ್ಯಾಸ್ಕೆಟ್ ಎದುರಿಗೇ ಇದ್ದರೂ ಎಸೆಯಲಿಲ್ಲ, ಚೆಂಡು ಕೊಟ್ಟ, ಮತ್ತೆ ಕೊಟ್ಟ. ಚೆಂಡು ಬಂದೇ ಬರುತ್ತದೆಂದು ಗೊತ್ತಾದ ಮೇಲೆ ಉಳಿದ ನಾಲ್ವರೂ ಚುರುಕಾಗಿ ಓಡತೊಡಗಿದರು.

ತಿಂಗಳ ಕೊನೆಗೆ ಕೋರಿನ್ ಮತ್ತೆ ಯಂತ್ರದ ಪಕ್ಕ ಬಂದು ನಿಂತಳು.

"ಕೀಶಾನ್ ಇರ್ಲಿ," ಎಂದಳು. ಕೋಚ್ ಮುಖ ಒರೆಸಿಕೊಂಡು ಹೊರಗೆ ಹೋದರು.

ನನಗೆ ತಡೆಯಲಾಗಲಿಲ್ಲ. "ಅಲ್ಲಮ್ಮಾ, ಆ ಹುಡುಗ ಒಂದು ಪಾಯಿಂಟೂ ಹಾಕಿಲ್ವಲ್ಲಾ?"

"ಯಾರು ಹಾಕಿದ್ರು ಅಂತಲ್ಲ ಮಿಸ್ಟರ್ ಹೋಬಾರ್ಟ್. ಅವನು ಒಳಗಿದ್ದಾಗ ತಂಡ ಎಷ್ಟು ಮುಂದೆ ಹೋಯ್ತು, ಹೊರಗೆ ಕೂತಾಗ ಎಷ್ಟು ಹಿಂದೆ ಬಿತ್ತು ಅಂತ. ಜೊತೆಗೆ ಯಾರಿದ್ರು, ಎದುರಿಗೆ ಯಾರಿದ್ರು, ಅದನ್ನೂ ತೂಗಿ ನೋಡ್ತೀವಿ. ಮೊದ್ಲು ಸಿಕ್ಕಿದ್ದನ್ನೆಲ್ಲ ತಾನೇ ಎಸೀತಿದ್ದ. ಈಗ ಕೊಡ್ತಾನೆ. ಅದ್ರಿಂದ್ಲೇ ತಂಡ ಎದ್ದಿದೆ. ಹಿಂದಿನ ಹಾಗೇ ಆಡಿದ್ದಿದ್ರೆ, ರೋಸ್ಕೋನೇ ಉಳೀತಿದ್ದ."

ನಾನು ಕೈಯಲ್ಲಿದ್ದ ಅಂಗಿಯನ್ನು ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ. ಅವಳ ಲೆಕ್ಕ ತಪ್ಪಿರಲಿಲ್ಲ. ಇವತ್ತಿಗೂ ತಪ್ಪು ಎನ್ನಲಾರೆ.

ಮರುದಿನ ಬೆಳಿಗ್ಗೆ ರೋಸ್ಕೋ ತನ್ನ ಸಾಮಾನು ಚೀಲಕ್ಕೆ ತುಂಬುತ್ತಿದ್ದ. ಕೀಶಾನ್ ಬಾಗಿಲಲ್ಲೇ ನಿಂತಿದ್ದ. ಕೋರಿನ್ ಹೇಳಿದ ಲೆಕ್ಕ ಅವನ ಕಿವಿಗೂ ಬಿದ್ದಿತ್ತು.

"ಅಣ್ಣಾ, ನಾನು ನಿಂಗೊಂದು ಹೇಳ್ಬೇಕು..."

"ಏನು ಹೇಳ್ತೀಯೋ, ಮಂಗನ ಮುಖ ಮಾಡ್ಕೊಂಡು?" ರೋಸ್ಕೋ ಎದ್ದು ಬಂದು ಅವನ ಕತ್ತನ್ನು ಎರಡೂ ಕೈಯಲ್ಲಿ ಹಿಡಿದ. "ಬೆಂಚ್ ಮೇಲೆ ಕೂತು ನೋಡ್ತಿದ್ದೆ ಕಣೋ. ಆಹಾ, ಚೆಂಡು ಹೆಂಗೆ ಕೊಡ್ತೀಯಾ! ನೀನು ಬಂದಾಗಿಂದ ಬಡ್ಕೊಂಡೆ, ಕೊಡೋ, ಕೊಡೋ ಅಂತ. ಕೊನೆಗೂ ತಲೆಗೆ ಹತ್ತಿತು. ನಾನು ಹೋಗ್ತಿರೋದು ಹೋಗ್ಲಿ. ಇಲ್ಲಿ ಇದೊಂದು ಬಿಟ್ಟು ಹೋಗ್ತಿದ್ದೀನಲ್ಲ, ಅಷ್ಟು ಸಾಕು. ನಾನೇ ಕಲಿಸಿದ್ದು ಅಂತ ಎಲ್ಲರ್ಗೂ ಹೇಳ್ತೀನಿ. ಸುಳ್ಳು ಅನ್ಬೇಡ ಮತ್ತೆ!"

ಹುಡುಗ ನನ್ನ ಕಡೆ ನೋಡಿದ. ನಾನು ಬೇಡವೆಂದು ತಲೆಯಾಡಿಸಿದೆ.

"ಹೂಂ ಅಣ್ಣಾ," ಎಂದು ನಕ್ಕ. "ನೀನೇ ಕಲಿಸಿದ್ದು."

ರೋಸ್ಕೋ ಅವನ ಬೆನ್ನಿಗೊಂದು ಗುದ್ದಿ, ಚೀಲ ಹೆಗಲಿಗೇರಿಸಿ, ಕುಂಟುತ್ತ ಹೋದ. ಹೊರಬಾಗಿಲು ಮುಚ್ಚಿದ ಸದ್ದು ಕೇಳುವವರೆಗೂ ಕೀಶಾನ್ ಮುಖದ ಮೇಲೆ ಆ ನಗುವನ್ನು ಹಾಗೇ ಹಿಡಿದುಕೊಂಡು ನಿಂತಿದ್ದ.