ಮುನೀರ್ ಪಾಷಾನ ಹಳದಿ ಕಾರ್ಡು

ಇದು ವೈದ್ಯ ಓದಿದವರು ಹೇಳಬೇಕಾದ ಮಾತು. ಹೇಳಲು ಹೊರಟಿದ್ದಕ್ಕೆ ಬಲ್ಲವರು ಕ್ಷಮಿಸಬೇಕು.

"ಕೆಮ್ಮಣ್ಣು ಯಾವ್ದು, ಕಲ್ಲಿನ ಪುಡಿ ಯಾವ್ದು ಗೊತ್ತಾಗ್ದಿದ್ ಮೇಲೆ ನೀನ್ಯಾವ ಸೀಮೆ ಬೋರ್ ಹೊಡೆಯೋನಲೇ, ಬೋಳಿಮಗನೆ?"

ಬೀರೂರಿನ ಆಫೀಸಿನಲ್ಲಿ ಬೋರ್‌ವೆಲ್ ಲಾರಿಗಳ ಮಾಲೀಕ ರೇಣುಕಪ್ರಸಾದ್ ಕೂಗುತ್ತಿದ್ದ. ಎದುರಿಗೆ ಮುನೀರ್ ಪಾಷಾ. ಮೇಲೆದ್ದ ಪುಡಿಯ ಬಣ್ಣ ನೋಡಿಯೇ, ಮಣ್ಣು ಕುಸಿಯದಂತೆ ಇಳಿಸುವ ಕೇಸಿಂಗ್ ಪೈಪು ಎಲ್ಲಿಗೆ ನಿಲ್ಲಿಸಬೇಕೆಂದು ಇಪ್ಪತ್ತು ವರ್ಷ ಹೇಳಿದವನು. ಹೋದ ವಾರ ಚೌಳಹಿರಿಯೂರಿನಲ್ಲಿ ಪುಡಿ ಬೂದಿಯಂತೆ ಕಂಡಿತು. ಕಲ್ಲು ಸಿಕ್ಕಿತೆಂದು ಪೈಪು ನಿಲ್ಲಿಸಿದ. ಅದು ಕೆಮ್ಮಣ್ಣು. ಬೋರು ಕುಸಿದುಬಿತ್ತು.

"ಆಫ್ರಿಕಾಕ್ಕೆ ಬೋರ್ ಕೆಲಸಕ್ಕೆ ಹೋಗಕ್ಕಂತ ಹಳದಿ ಜ್ವರದ ಸೂಜಿ ಹಾಕ್ಸಿದ್ರಲ್ಲ ಅಣ್ಣ, ಹನ್ನೊಂದನೇ ದಿನಕ್ಕೆ ಹಿಂಗಾಯ್ತು. ಕಣ್ಣು ಹೊರಳಿಸಿದ್ರೆ ನೋವು. ಕಾಲೂ ಜೋಮು."

"ಹತ್ತು ಜನಕ್ಕೆ ಹಾಕ್ಸಿದೀನಿ. ನಿಂಗೊಬ್ನಿಗೇ ಕಣ್ಣು ಹೋಯ್ತಾ?" ರೇಣುಕಪ್ರಸಾದ್ ಕೆಂಪು ಟವೆಲ್ಲು ಎತ್ತಿ ಆಡಿಸಿದ. "ಹೇಳಲೇ, ಯಾವ ಬಣ್ಣ?"

"ಬೂದಿ."

ಬಾಗಿಲಲ್ಲಿ ಕಾದಿದ್ದ ಉಳಿದ ಒಂಬತ್ತು ಮಂದಿಯಲ್ಲಿ ಕೆಲವರು ನಕ್ಕರು. ಮಂಜು ಕವಿದ ಕಣ್ಣಿಗೆ ಮುಖಗಳು ಕಾಣಲಿಲ್ಲ. ನಗು ಯಾರ್ಯಾರದ್ದೆಂದು ಮುನೀರ್‌ಗೆ ತಿಳಿಯಿತು.

ಹೆಂಡತಿ ಹಜೀರಾಬಿ ಮುಂದೆ ಬಂದಳು. "ಕಡೂರಿನ ಡಾಕ್ಟ್ರಮ್ಮ ಕಣ್ಣಿನ ನರ ಬಾತೈತೆ ಅಂದ್ರು. ಸೂಜಿಯಿಂದ ಹಿಂಗಾಗೋದು ಬಲು ಅಪರೂಪ, ಆದ್ರೂ ಆಗ್ಬೋದು, ಬೇರೆ ಕಾರಣಾನೂ ಇರ್ಬೋದು, ಬರ್ದು ಮೇಲೆ ಸರ್ಕಾರಕ್ಕೆ ಕಳಿಸ್ತೀನಿ ಅಂದ್ರು. ಅದ್ಕೆ ಸೂಜಿ ಮದ್ದಿನ ಬ್ಯಾಚ್ ನಂಬರ್ ಬೇಕಂತೆ, ಕಾರ್ಡಲ್ಲಿ ಬರ್ದಿರ್ತಾರಂತೆ. ಹಳದಿ ಕಾರ್ಡು ಕೊಡಿ."

ಹತ್ತೂ ಜನರ ಕಾರ್ಡು, ಪಾಸ್‌ಪೋರ್ಟು ಇಟ್ಟುಕೊಂಡಿದ್ದ ಬೀರುವನ್ನು ರೇಣುಕಪ್ರಸಾದ್ ಮುಟ್ಟಲಿಲ್ಲ. ಒಂದು ಹಾಳೆ ತಳ್ಳಿದ. "ಇದಕ್ಕೆ ಸೈನ್ ಹಾಕ್ಲಿ. ಆಮೇಲೆ ಕಾರ್ಡು."

ಹಜೀರಾಬಿ ಗಟ್ಟಿಯಾಗಿ ಓದಿದಳು: 'ನನಗೆ ಮೊದಲಿನಿಂದಲೂ ಕಣ್ಣಿನ ದೋಷವಿದ್ದು, ಮುಚ್ಚಿಟ್ಟು ಕೆಲಸಕ್ಕೆ ಸೇರಿರುತ್ತೇನೆ.'

"ಮೊದ್ಲಿಂದ್ಲಾ?" ಮುನೀರ್ ಮೇಜಿನತ್ತ ಬಾಗಿದ. "ನಿಮ್ ತೋಟದ ನಾಲ್ಕು ಬೋರೂ ಈ ಕಣ್ಣಲ್ಲೇ ನೋಡಿ ಹೊಡ್ದಿದ್ದು. ಆಗ ದೋಷ ಇರ್ಲಿಲ್ವಾ?"

"ಬಾಯಿ ಮುಚ್ಚಲೇ. ಕುರುಡನ್ನ ಕಟ್ಕೊಂಡು ನಾನೇನ್ ಮಾಡ್ಲಿ? ಹೋಗಿ ಬಸ್‌ಸ್ಟ್ಯಾಂಡಲ್ಲಿ ತಟ್ಟೆ ಹಿಡ್ಕೊ."

ಈ ಸಲ ಯಾರೂ ನಗಲಿಲ್ಲ. ಆಗ ನಕ್ಕವರಲ್ಲಿ ಒಬ್ಬನಾದ ಅಜ್ಜಂಪುರದ ರುದ್ರಮೂರ್ತಿ ಒಳಗೆ ಬಂದ. "ನನ್ ಕಾರ್ಡೂ ಕೊಡ್ರೀ."

"ನಿಂಗ್ಯಾಕಲೇ? ನಿನ್ ಕಣ್ಣು ಚೆನ್ನಾಗೈತಲ್ಲ."

"ನನ್ ತೋಳಿಗ್ ಹಾಕಿದ್ ಸೂಜಿ, ನನ್ ಕಾರ್ಡು. ನಿಮ್ ಬೀರುನಲ್ಲಿ ಯಾಕ್ ಕೊಳೀಬೇಕು? ಪಾಸ್‌ಪೋರ್ಟೂ ತಗೀರಿ."

ಒಬ್ಬೊಬ್ಬರೇ ಒಳಗೆ ಬಂದು ನಿಂತರು. ಬಾಗಿಲು ತುಂಬಿತು. ಮುನೀರ್ ಮೇಜು ತಡವಿ, ಹಾಳೆ ಸಿಕ್ಕಿದ ಮೇಲೆ ಅಡ್ಡಡ್ಡ ಹರಿದ. ರೇಣುಕಪ್ರಸಾದ್ ಬೀರು ತೆಗೆದು ಕಾರ್ಡು, ಪಾಸ್‌ಪೋರ್ಟುಗಳ ಕಂತೆಯನ್ನು ನೆಲಕ್ಕೆ ಎಸೆದ. ಹಜೀರಾಬಿ ಬಗ್ಗಿ ಗಂಡನ ಕಾರ್ಡು ಹುಡುಕಿ ಎತ್ತಿಕೊಂಡಳು.

ಡಾಕ್ಟರಮ್ಮ ನಂಬರ್ ಬರೆದು ವರದಿ ಕಳಿಸಿದ್ದಾರೆ. ಸೂಜಿಯಿಂದಲೇ ಹೀಗಾಯಿತೋ, ದೃಷ್ಟಿ ಪೂರಾ ಮರಳುತ್ತದೆಯೋ, ಅವರಿಗೂ ಗೊತ್ತಿಲ್ಲ. ಮೇಲಿನಿಂದ ಉತ್ತರ ಬರುತ್ತದೋ ಇಲ್ಲವೋ, ಅದೂ ಗೊತ್ತಿಲ್ಲ.